ಸೆಲೂನಿನ ಕುರ್ಚಿಯಲ್ಲಿ ಕೂರುವ ಮುನ್ನ, ಕೂತ ಮೇಲೆ

ದಾವಣಗೆರೆಯ ಸೆಲೂನುಗಳಲ್ಲಿ ಅತಿ ಹೆಚ್ಚು ಕೇಳಿಬರುವ, ಆದರೆ ಅತಿ ಕಡಿಮೆ ಅರ್ಥ ಕೊಡುವ ಮಾತೆಂದರೆ ‘ಅಣ್ಣಾ, ಸ್ವಲ್ಪ ಸಣ್ಣ ಮಾಡಿ’ ಎಂಬುದು. ಆ ‘ಸ್ವಲ್ಪ’ ಹೇಳಿದವರ ಮನಸ್ಸಿನಲ್ಲಿ ಅರ್ಧ ಇಂಚಿದ್ದರೆ ಕೇಳಿಸಿಕೊಂಡವರ ಕೈಯಲ್ಲಿ ಎರಡಿಂಚಾಗಬಹುದು. ಚಿಕ್ಕಪ್ಪನ ಮಗಳ ಮದುವೆಗೆ ಎರಡೇ ದಿನವಿರುವಾಗ ನಾನೂ ಇದನ್ನೇ ಹೇಳಿ ಕಣ್ಣು ಮುಚ್ಚಿ ಕೂತೆ. ಕಣ್ಣು ಬಿಡುವಷ್ಟರಲ್ಲಿ ಕಿವಿಯ ಮೇಲಿನ ಚರ್ಮ ಬೆಳ್ಳಗೆ ಹೊಳೆಯುತ್ತಿತ್ತು. ಮದುವೆಯ ಫೋಟೊಗಳಲ್ಲಿ ಅದು ಈಗಲೂ ಹೊಳೆಯುತ್ತದೆ. ಆ ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದೆಂದು ಒಪ್ಪಿಕೊಂಡ ಮೇಲೆ ರೂಢಿಸಿಕೊಂಡ ಕೆಲವು ಅಭ್ಯಾಸಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯದಾಗಿ ದಿನದ ಆಯ್ಕೆ. ಮಂಗಳವಾರ ನಮ್ಮಲ್ಲಿ ಅನೇಕ ಅಂಗಡಿಗಳು ರಜೆ. ಭಾನುವಾರ ಬೆಳಿಗ್ಗೆ ಬೆಂಚಿನ ಮೇಲೆ ಕೂರಲೂ ಜಾಗವಿರುವುದಿಲ್ಲ. ಯುಗಾದಿ ಅಥವಾ ದುರ್ಗಾಂಬಿಕೆಯ ಜಾತ್ರೆಯ ಹಿಂದಿನ ದಿನಗಳ ಮಾತಂತೂ ಬೇಡ. ಬುಧವಾರದ ಬೆಳಿಗ್ಗೆ ಹೋದರೆ ನಿಮ್ಮ ಮಾತನ್ನು ಕೇಳುವ ವ್ಯವಧಾನ ಅವರಿಗಿರುತ್ತದೆ. ಸಮಾರಂಭವಿದ್ದರೆ ಐದಾರು ದಿನ ಮುಂಚೆಯೇ ಕತ್ತರಿಸಿಕೊಳ್ಳಿ. ಏನಾದರೂ ಹೆಚ್ಚುಕಡಿಮೆಯಾದರೆ ಸರಿಪಡಿಸಲು ಸಮಯ ಉಳಿಯುತ್ತದೆ.

ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಹೋಗುವುದು ಒಳ್ಳೆಯದು. ಎಣ್ಣೆ ಹಚ್ಚಿ ಒತ್ತಿ ಬಾಚಿದ ತಲೆಯಲ್ಲಿ ಕೂದಲು ತಾನಾಗಿ ಯಾವ ಕಡೆಗೆ ಬೀಳುತ್ತದೆ, ಸುಳಿ ಎಲ್ಲಿದೆ ಎಂಬುದು ಕಾಣುವುದಿಲ್ಲ. ಸುಳಿಯ ಜಾಗದಲ್ಲಿ ಕೂದಲನ್ನು ಬಹಳ ಗಿಡ್ಡ ಮಾಡಿದರೆ ಅದು ನೆಟ್ಟಗೆ ಎದ್ದು ನಿಲ್ಲುತ್ತದೆ. ನನ್ನ ಮಗನಿಗೆ ಎರಡು ಸುಳಿ. ‘ಎರಡು ಸುಳಿಗೆ ಎರಡು ಮದುವೆ’ ಎಂದು ಅಜ್ಜಿ ನಗುತ್ತಾರೆ. ಕತ್ತರಿ ಹಿಡಿದವರಿಗೆ ಮಾತ್ರ ಅದು ನಗುವ ವಿಷಯವಲ್ಲವಾದ್ದರಿಂದ ಕೂತ ಕೂಡಲೇ ಬೆರಳಿಟ್ಟು ತೋರಿಸುತ್ತೇವೆ. ಗುಂಗುರು ಕೂದಲು ಒದ್ದೆಯಾಗಿದ್ದಾಗ ಉದ್ದವಾಗಿ ಕಂಡು, ಒಣಗಿದ ಮೇಲೆ ಮೇಲಕ್ಕೆ ಸರಿಯುತ್ತದೆ. ಅಂಥವರು ಬೇಕೆನಿಸಿದ್ದಕ್ಕಿಂತ ಒಂದು ಬೆರಳಿನಷ್ಟು ಹೆಚ್ಚೇ ಉಳಿಸಲು ಹೇಳಬೇಕು.

ಇನ್ನು ಮಾತು. ಮಷೀನಿಗೆ ಸಿಕ್ಕಿಸುವ ಬಾಚಣಿಗೆಗೆ ನಂಬರ್ ಇರುತ್ತದೆ: ಸಾಮಾನ್ಯವಾಗಿ 1 ಎಂದರೆ ಉಳಿಯುವ ಕೂದಲು ಸುಮಾರು 3 ಮಿ.ಮೀ., 2 ಎಂದರೆ 6, 3 ಎಂದರೆ 10, 4 ಎಂದರೆ 13. ಪಕ್ಕಕ್ಕೆ ಯಾವ ನಂಬರ್, ನೆತ್ತಿಯ ಮೇಲೆ ಎಷ್ಟು ಬೆರಳು ಎಂದು ಬಿಡಿಸಿ ಹೇಳಿ, ಅನುಮಾನವಿದ್ದರೆ ದೊಡ್ಡ ನಂಬರಿನಿಂದಲೇ ಶುರು ಮಾಡಿಸಿ. ಸಿನಿಮಾ ನಟರ ಫೋಟೊಗಿಂತ, ಹಿಂದೊಮ್ಮೆ ನಿಮಗೇ ಚೆನ್ನಾಗಿ ಕಂಡ ಕಟಿಂಗಿನ ಫೋಟೊ ಹೆಚ್ಚು ಉಪಯುಕ್ತ, ಏಕೆಂದರೆ ಅದರಲ್ಲಿರುವ ಹಣೆಯೂ ಕೂದಲಿನ ದಟ್ಟಣೆಯೂ ನಿಮ್ಮವೇ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಇದ್ದರೆ ಸಾಕು.

ಬಣ್ಣ ಹಚ್ಚಿಸುವವರು ಮತ್ತು ಕೂದಲು ನೇರ ಮಾಡಿಸುವವರು ಇನ್ನಷ್ಟು ಎಚ್ಚರ ವಹಿಸಬೇಕು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂ.ಮೀ.; ಹಾಗಾಗಿ 30 ಸೆಂ.ಮೀ. ಉದ್ದದ ಕೂದಲಿನ ತುದಿ ಎರಡೂವರೆ ವರ್ಷ ಹಳೆಯದು, ಅಷ್ಟು ಕಾಲದ ಮೆಹೆಂದಿ, ಡೈ, ಇಸ್ತ್ರಿಯ ಬಿಸಿ ಎಲ್ಲವೂ ಅದರ ಮೇಲೆ ಹಾದುಹೋಗಿವೆ. ಅದನ್ನು ಮುಚ್ಚಿಡದೆ ಹೇಳಿಬಿಡಿ. ಕಪ್ಪು ಡೈಗಳಲ್ಲಿ, ‘ಕಪ್ಪು ಮೆಹೆಂದಿ’ ಎಂದು ಮಾರುವ ಅನೇಕ ಪುಡಿಗಳಲ್ಲಿ ಕೂಡ, ಪಿಪಿಡಿ ಎಂಬ ರಾಸಾಯನಿಕವಿದ್ದು ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಆದ್ದರಿಂದ ಅದೇ ಡೈಯನ್ನು ಕಿವಿಯ ಹಿಂದೆ ಚೂರು ಹಚ್ಚಿಸಿಕೊಂಡು 48 ಗಂಟೆ ಕಾದು ನೋಡುವುದು ವ್ಯರ್ಥ ಕೆಲಸವಲ್ಲ. ನೇರ ಮಾಡುವ ಕೆಲವು ಕ್ರೀಮುಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಕಣ್ಣು ಉರಿಯತೊಡಗಿದರೆ ಸಂಕೋಚಪಡದೆ ಎದ್ದು ಬನ್ನಿ.

ಬೋರಿನ ನೀರಿನಲ್ಲಿ ಸ್ನಾನ ಮಾಡುವುದಾದರೆ ಅದನ್ನೂ ತಿಳಿಸಿ. ನಮ್ಮ ಕಡೆಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಕೂದಲಿನ ಮೇಲೆ ಪೊರೆಯಂತೆ ಕೂರುತ್ತದೆ. ಕೈಗೆ ಒರಟೆನಿಸುವ ಆ ಕೂದಲಿಗೆ ದುಬಾರಿ ‘ಸ್ಪಾ’ ಮಾಡಿಸುವುದಕ್ಕಿಂತ, ಸೋಪು ಬಿಟ್ಟು ಶಾಂಪೂ ಬಳಸಿ ಕೊನೆಯ ಎರಡು ಚೊಂಬನ್ನು ತುಂಗಭದ್ರೆಯ ನಲ್ಲಿ ನೀರಿನಿಂದ ಹಾಕಿಕೊಂಡರೆ ಹೆಚ್ಚು ಪ್ರಯೋಜನ.

ಗಡ್ಡ ಮಾಡಿಸುವಾಗ ಬ್ಲೇಡಿನ ಮೇಲೆ ಕಣ್ಣಿರಲಿ. ಕಾಗದದಲ್ಲಿದ್ದ ಹೊಸ ಬ್ಲೇಡನ್ನು ಹಾಗೆಯೇ ಮಡಚಿ ಎರಡಾಗಿ ಮುರಿದು, ಒಂದು ಅರ್ಧವನ್ನು ಕತ್ತಿಗೆ ಸಿಕ್ಕಿಸುವ ಆ ‘ಟಕ್’ ಸದ್ದು ನಿಮ್ಮ ಕಿವಿಗೆ ಬೀಳಬೇಕು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಡೆಟಾಲ್ ನೀರಿನಲ್ಲಿ ಒಮ್ಮೆ ಅದ್ದಿದ ಹಳೆಯ ಬ್ಲೇಡನ್ನು ನಂಬಬೇಡಿ. ಕೊನೆಯಲ್ಲಿ ತಲೆಗೆ ಮಾಲೀಶು ಮಾಡಿಸಿಕೊಳ್ಳಬಹುದು, ಅದರ ಸುಖವೇ ಬೇರೆ. ಆದರೆ ಕತ್ತನ್ನು ಥಟ್ಟನೆ ತಿರುಗಿಸಿ ಲಟಿಕೆ ತೆಗೆಯಲು ಬಿಡಬೇಡಿ, ಮಿದುಳಿಗೆ ಹೋಗುವ ರಕ್ತನಾಳಕ್ಕೆ ಅದರಿಂದ ಪೆಟ್ಟಾಗಬಹುದು.

ಹೊದಿಸಿದ ಬಟ್ಟೆಯನ್ನು ಬಿಚ್ಚುವ ಮೊದಲೇ ಹಿಂದೆ ಕನ್ನಡಿ ಹಿಡಿಸಿ, ತಲೆಯನ್ನು ಒಮ್ಮೆ ಕೆಳಗೆ, ಒಮ್ಮೆ ಪಕ್ಕಕ್ಕೆ ಮಾಡಿ ನೋಡಿ. ಬಟ್ಟೆ ಒದರಿ ಮುಂದಿನವರು ಕೂತ ಮೇಲೆ ‘ಇಲ್ಲಿ ಸ್ವಲ್ಪ’ ಎನ್ನುವುದು ಇಬ್ಬರಿಗೂ ಮುಜುಗರ. ಮನಸ್ಸಿಗೆ ಒಪ್ಪಿದರೆ ಅಲ್ಲೇ ಒಂದು ಫೋಟೊ ತೆಗೆದು, ಬಳಸಿದ ನಂಬರನ್ನೂ ಕತ್ತರಿಸಿದವರ ಹೆಸರನ್ನೂ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನದು ‘ಪಕ್ಕ 3, ಮೇಲೆ ಎರಡು ಬೆರಳು, ಸುಳಿ ಮುಟ್ಟಬೇಡಿ’ ಎಂದಿದೆ. ಈಗ ಕುರ್ಚಿಯಲ್ಲಿ ಕೂತು ಅದನ್ನೇ ಓದಿ ಹೇಳುತ್ತೇನೆ.