ಮೈನಿಂಗ್ ಯಂತ್ರದಲ್ಲಿ ಎರಡನೆಯ ಪೂಲಿನ ಸಾಲು ಖಾಲಿ ಬಿಡಬೇಡಿ
ಹುಬ್ಬಳ್ಳಿ-ಧಾರವಾಡದಲ್ಲಿ ಬಿಟ್‌ಕಾಯಿನ್ ಮೈನಿಂಗ್ ಯಂತ್ರ ಕೂಡಿಸುತ್ತಿರುವವರು, ಸೆಟ್ಟಿಂಗ್ಸ್ ಪುಟದ ಮೂರು ಪೂಲ್ (ಹಲವರ ಯಂತ್ರಗಳನ್ನು ಒಟ್ಟಾಗಿ ದುಡಿಸಿ ಗಳಿಕೆ ಹಂಚುವ ಸೇವೆ) ಸಾಲುಗಳಲ್ಲಿ ಮೊದಲನೆಯದನ್ನಷ್ಟೇ ತುಂಬದೆ, ಎರಡನೆಯದರಲ್ಲಿ ಬೇರೊಂದು ಕಂಪನಿಯ ಪೂಲ್ ವಿಳಾಸವನ್ನು, ಆ ಪೂಲಿನಲ್ಲೇ ತೆರೆದ ಖಾತೆಯ ಹೆಸರಿನೊಂದಿಗೆ ತಪ್ಪದೆ ಬರೆಯಿರಿ. ಮೊದಲ ಪೂಲಿನ ಸರ್ವರ್ ಕೈಕೊಟ್ಟಾಗ ಯಂತ್ರವು ತಾನಾಗಿಯೇ ಎರಡನೆಯದಕ್ಕೆ ಹೊರಳುವುದರಿಂದ, ರಾತ್ರಿಯಿಡೀ ಗಳಿಕೆಯಿಲ್ಲದೆ ಕೂಡುವುದು ತಪ್ಪುತ್ತದೆ. ಒಂದೇ ಕಂಪನಿಯ ಇನ್ನೊಂದು ಪೋರ್ಟ್ (ವಿಳಾಸದ ಕೊನೆಯ ಸಂಖ್ಯೆ) ಹಾಕಿದರೆ ಎರಡೂ ಒಟ್ಟಿಗೇ ಬೀಳಬಹುದು. ಪರೀಕ್ಷೆಗೆಂದು ಮೊದಲ ವಿಳಾಸದ ಒಂದು ಅಕ್ಷರವನ್ನು ಬೇಕೆಂದೇ ತಪ್ಪಾಗಿ ಬರೆದು ಸೇವ್ ಮಾಡಿ, ಕೆಲವು ನಿಮಿಷಗಳಲ್ಲಿ ಎರಡನೆಯ ಸಾಲಿನ ಮುಂದೆ ‘ಅಲೈವ್’ (ಸಂಪರ್ಕದಲ್ಲಿದೆ) ಎಂದು ಬಂದು ‘ಅಕ್ಸೆಪ್ಟೆಡ್’ (ಪೂಲ್ ಒಪ್ಪಿಕೊಂಡ ಕೆಲಸದ) ಅಂಕಿ ಏರುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಿಕೊಂಡು, ಬಳಿಕ ವಿಳಾಸವನ್ನು ಸರಿಪಡಿಸಿರಿ. ಈ ಹಂತವನ್ನು ದಯವಿಟ್ಟು ಬಿಡಬೇಡಿರಿ, ಏಕೆಂದರೆ ಖಾತೆಯ ಹೆಸರಿನ ಸಣ್ಣ ತಪ್ಪು ಸಾಮಾನ್ಯವಾಗಿ ಇಲ್ಲಿಯೇ ಬಯಲಾಗುತ್ತದೆ. ಎರಡನೆಯ ಪೂಲಿನಲ್ಲಿ ಕೂಡಿದ ಚಿಲ್ಲರೆ ಗಳಿಕೆಯು ಅಲ್ಲಿನ ಕನಿಷ್ಠ ಪಾವತಿ ಮಿತಿ ಮುಟ್ಟುವವರೆಗೆ ಅಲ್ಲಿಯೇ ಉಳಿಯುತ್ತದೆ. ಮುಂಗಾರಿಗೆ ಮುನ್ನಿನ ಗುಡುಗು-ಮಳೆಯಲ್ಲಿ ಇಂಟರ್ನೆಟ್ಟೇ ಹೋದರೆ ಈ ಉಪಾಯ ನಡೆಯದು. ಆಗ ಕರೆಂಟ್ ಇದ್ದರೆ ಮೊಬೈಲ್ ಇಂಟರ್ನೆಟ್ ಸಂಪರ್ಕ ಸಾಕು, ಪೂಲಿನೊಂದಿಗಿನ ವ್ಯವಹಾರಕ್ಕೆ ಡೇಟಾ ಬಹಳ ಕಡಿಮೆ ಬೇಕಾಗುತ್ತದೆ.