ಹಲ್ಫ್ ಅಖ್ಟ್ ಅಂದ್ರೆ ಎಂಟೂವರೆ ಅಲ್ಲ

ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಶ್, ಬ್ಲೂಮ್‌ಫಾಂಟೇನ್ ಕಡೆ ಓದಲಿಕ್ಕೋ ಕೆಲಸಕ್ಕೋ ಬಂದಿದ್ದೀರಾ? ಇಂಗ್ಲಿಷಿನಲ್ಲೇ ದಿನ ತಳ್ಳಬಹುದು, ನಿಜ. ಆದರೆ ಅಲ್ಲಿ ಮನೆಮಾತು ಆಫ್ರಿಕಾನ್ಸ್ ಆದವರು ಜಾಸ್ತಿ. ಪ್ಲಂಬರ್ ಎಷ್ಟು ಹೊತ್ತಿಗೆ ಬರ್ತಾರೆ ಅನ್ನೋದು ತಿಳಿಯಲಿಕ್ಕಾದರೂ ಗಂಟೆ ಹೇಳುವುದನ್ನು ಕಲಿತಿಡಿ.

ಎಡವುವುದೆಲ್ಲ ಅರ್ಧ ಗಂಟೆಯಲ್ಲೇ. ನಾವು ಏಳು ಗಂಟೆ ಕಳೆದು ಅರ್ಧ ಆದರೆ ಏಳೂವರೆ ಅನ್ನುತ್ತೇವೆ. ಇವರ ಕಣ್ಣು ಮುಂದಿನ ಗಂಟೆಯ ಮೇಲೆ. ಎಂಟರ ಕಡೆಗೆ ಅರ್ಧ ದಾರಿ ಬಂದಾಯ್ತು, ಹಾಗಾಗಿ 7:30ಕ್ಕೆ 'ಹಲ್ಫ್ ಅಖ್ಟ್'. ಎಂಟೂವರೆ ಅಂದುಕೊಂಡು ಹೋದರೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಗಿದೇ ಹೋಗಿರುತ್ತದೆ. ಕೇಳಿದ ಗಂಟೆಯಿಂದ ಒಂದು ಕಳೆದು 'ಊವರೆ' ಸೇರಿಸಿ, ಅಷ್ಟೇ. ಹಲ್ಫ್ ಎಯ್ನ್ ಅಂದರೆ ಹನ್ನೆರಡೂವರೆ.

ಕಾಲು ಗಂಟೆಗೆ ಇಷ್ಟು ತಲೆನೋವಿಲ್ಲ. 'ಕ್ವಾರ್ಟ್ ಊರ್ ಸೀವ' ಏಳೂಕಾಲು, 'ಕ್ವಾರ್ಟ್ ಫೂರ್ ಅಖ್ಟ್' ಏಳೂಮುಕ್ಕಾಲು. ಊರ್ ಅಂದರೆ ದಾಟಿ, ಫೂರ್ ಅಂದರೆ ಮುಂಚೆ. ನಿಮಿಷಗಳಿಗೂ ಇದೇ ಲೆಕ್ಕ. ಇಪ್ಪತ್ತೈದನ್ನು ಮಾತ್ರ ತಿರುಗಿಸಿ, 'ಐದು ಮತ್ತು ಇಪ್ಪತ್ತು' ಅನ್ನುವ ಹಾಗೆ ಹೇಳುತ್ತಾರೆ. ಇನ್ನೊಂದು, ಹಿಂದಿ ಬಲ್ಲವರು ಹುಷಾರು: ಇಲ್ಲಿ 'ತೀನ್' ಅಂದರೆ ಹತ್ತು!

ಕೇಳಬೇಕಾದರೆ 'ಹು ಲಾಟ್ ಇಸ್ ಡಿಟ್?' ಅನ್ನಿ. ಉತ್ತರದಲ್ಲಿ 'ಹಲ್ಫ್' ಬಂದರೆ ನಾಚಿಕೆ ಬೇಡ, 'ಸೆವೆನ್ ಥರ್ಟಿ?' ಅಂತ ಇಂಗ್ಲಿಷಿನಲ್ಲಿ ತಿರುಗಿ ಕೇಳಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬರೆದು ತೋರಿಸಿದರೆ ಇನ್ನೂ ಒಳ್ಳೆಯದು, ಬೋರ್ಡು, ಟಿಕೆಟ್‌ಗಳಲ್ಲಿ ಹೇಗೂ 24 ಗಂಟೆಯ ಲೆಕ್ಕವೇ ಇರುತ್ತದೆ. ಕಿವಿ ಪಳಗಲಿಕ್ಕೆ ಆರ್‌ಎಸ್‌ಜಿ ರೇಡಿಯೋ ಹಾಕಿಕೊಳ್ಳಿ, ಪೂರ್ತಿ ಆಫ್ರಿಕಾನ್ಸ್.

'ನೆಟ್‌ನೋ' ಅಂದರೆ ಮಾತ್ರ ಗಡಿಯಾರ ನೋಡಬೇಡಿ. ಆಮೇಲೆ ಯಾವಾಗಲಾದರೂ ಅಂತ. ಸ್ವಲ್ಪ ಹೊತ್ತಿನ ಹಿಂದೆ ಅನ್ನಲಿಕ್ಕೂ ಅದೇ ಪದ. ಇಲ್ಲಿನ ಇಂಗ್ಲಿಷಿನಲ್ಲಿ 'ಜಸ್ಟ್ ನೌ ಬರ್ತೀನಿ' ಅಂದರೂ ಹಾಗೇ, ಬಾಗಿಲಲ್ಲಿ ಕಾಯಬೇಡಿ, ಕಾಫಿ ಕುಡಿಯಿರಿ. 'ನೋ-ನೋ' ಅಂದರೆ ಸ್ವಲ್ಪ ಬೇಗ ಬಂದಾರು.

ಊರಿಗೆ ಫೋನ್ ಮಾಡುವ ಲೆಕ್ಕ ಸುಲಭ. ವರ್ಷವಿಡೀ ಭಾರತ ಮೂರೂವರೆ ಗಂಟೆ ಮುಂದೆ. ಸಂಜೆ ಹಲ್ಫ್ ಅಖ್ಟ್‌ಗೆ ಅಲ್ಲಿ ರಾತ್ರಿ ಹನ್ನೊಂದು, ಅಮ್ಮ ಮಲಗಿರುತ್ತಾರೆ. ಐದರೊಳಗೆ ಮಾಡಿಬಿಡಿ.