ಗುಹೆ ಮುಂದೆ ಫೋನ್ ತೆಗೆಯದೆ ಕಥೆ ಹೇಳುವುದು ಹೇಗೆ?

ಬಾದಾಮಿಯಲ್ಲಿ ಗೈಡ್ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ವಿಕಿಪೀಡಿಯ ಚೆನ್ನಾಗಿ ಓದಿ, ಆದರೆ ಗುಹೆ ಮುಂದೆ ನಿಂತು ಓದಬೇಡಿ. ಪ್ರವಾಸಿಗರ ಹತ್ತಿರವೂ ಫೋನ್ ಇದೆ, ಅಲ್ವಾ? ಅವರಿಗೆ ಬೇಕಾಗಿರುವುದು ನಿಮ್ಮ ಬಾಯಿಂದ ಬರುವ ಕಥೆ.

ರಾತ್ರಿ ಮನೆಯಲ್ಲಿ ಒಂದು ಗುಹೆ ಆರಿಸಿಕೊಳ್ಳಿ. ಫೋನ್ ಮುಟ್ಟುವ ಮೊದಲು, ನೆನಪಿದ್ದಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಾರದ ಕಡೆ ಜಾಗ ಬಿಡಿ. ಸ್ವಲ್ಪ ಹೊತ್ತು ಒದ್ದಾಡಿ, ಆಮೇಲೆ ವಿಕಿಪೀಡಿಯ ತೆರೆದು ಆ ಜಾಗವನ್ನಷ್ಟೇ ತುಂಬಿ. ಆ ಒದ್ದಾಟಕ್ಕೆ ಬೆಲೆಯಿದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರಿಗೇ ಜಾಸ್ತಿ ನೆನಪಿತ್ತು.

ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ನಮ್ಮ ಕಲ್ಲುಗಳ ಮೇಲಿರುವುದು ಶಕವರ್ಷ. ಅದಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಒಂದನೇ ಪುಲಕೇಶಿ ಬಾದಾಮಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಬಂಡೆ ಶಾಸನ ಶಕ 465ರದು, ಅಂದರೆ 543. ಅವನ ಮಗ ಮಂಗಳೇಶ ಮೂರನೇ ಗುಹೆಯಲ್ಲಿ ಬರೆಸಿದ್ದು ಶಕ 500ರ ಕಾರ್ತಿಕ ಹುಣ್ಣಿಮೆಯಂದು, ಅಂದರೆ 578. ಆಗ ಪಟ್ಟದಲ್ಲಿದ್ದವನು ಮಂಗಳೇಶನ ಅಣ್ಣ ಕೀರ್ತಿವರ್ಮ. ಆ ಅಣ್ಣನ ಮಗನೇ ಇಮ್ಮಡಿ ಪುಲಕೇಶಿ. ಅವನನ್ನು ಹೊಗಳಿ ರವಿಕೀರ್ತಿ ಬರೆದ ಐಹೊಳೆ ಮೇಗುತಿಯ ಶಾಸನ ಶಕ 556ರದು, ಅಂದರೆ 634. ಅಜ್ಜ, ಮಗ, ಮೊಮ್ಮಗ. ಮನೆತನದ ಕಥೆಯಾಗಿ ಹಿಡಿದರೆ ಒಂದು ಹೆಸರು ಇನ್ನೊಂದನ್ನು ತಾನೇ ಎಳೆದು ತರುತ್ತದೆ. ಪೂರ್ತಿ ವಂಶಾವಳಿ ಈಗಲೇ ಬೇಡ, ಈ ನಾಲ್ವರು ಗಟ್ಟಿಯಾಗಲಿ.

ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದು. ಹಾಗಾಗಿ ವಾಕ್ಯದ ಕೊನೆಯ ಚಿಕ್ಕ ಅಂಕಿಯನ್ನು ಒತ್ತಿ, ಮಾತು ಎಲ್ಲಿಂದ ಬಂತು ಎಂದು ನೋಡಿ. ಅಂಕಿಯೇ ಇಲ್ಲದ ಮಾತನ್ನು ಪ್ರವಾಸಿಗರಿಗೆ ಹೇಳಬೇಡಿ. ಕನ್ನಡ ಪುಟ, ಇಂಗ್ಲಿಷ್ ಪುಟ ಎರಡನ್ನೂ ತೆರೆಯಿರಿ. ಇಸವಿ ಬೇರೆಬೇರೆ ಇದ್ದರೆ ಶಾಸನದ ಓದನ್ನೇ ಹುಡುಕಿ.

ಬೆಳಿಗ್ಗೆ ಜನ ಬರುವ ಮೊದಲು ಮೂರನೇ ಗುಹೆಗೆ ಹತ್ತಿ, ನೋಟ್‌ಬುಕ್ ಮುಚ್ಚಿಟ್ಟು ಜೊತೆಗಾರನಿಗೆ ಪೂರ್ತಿ ಹೇಳಿ. ತಡವರಿಸಿದ ಕಡೆ ಅವನು ಗುರುತು ಹಾಕಲಿ. ಆ ರಾತ್ರಿ ಓದಬೇಕಾದದ್ದು ಅಷ್ಟೇ.